ಪಿಕಪ್‌ನ ಫೋರ್ ವೀಲ್ ಡ್ರೈವ್: ತಿಂಗಳಿಗೊಮ್ಮೆ ಹಾಕಿ, ಮಣ್ಣಿನ ದಾರಿಯಲ್ಲೇ ಹಾಕಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಫೋರ್ ವೀಲ್ ಡ್ರೈವ್ ಬೇಕಾಗುವುದು ಮಳೆ ಬಿದ್ದಾಗ: ಎರೆ ಹೊಲದ ದಾರಿ, ಸಿಂಧನೂರು-ಗಂಗಾವತಿಯ ಗದ್ದೆ ಪಕ್ಕದ ಕಾಲುವೆ ದಂಡೆ, ಸಂಡೂರಿನ ಗುಡ್ಡದ ಏರು. ಹಿಂಗಾರು ಸುಗ್ಗಿ ಮುಗಿದರೆ ಮುಂದಿನ ಮುಂಗಾರಿನ ತನಕ ಆ ಲಿವರ್ ಮುಟ್ಟುವವರಿಲ್ಲ. ಕೆಲಸ ಕಡಿಮೆ ಕೊಟ್ಟರೆ ಬಾಳಿಕೆ ಹೆಚ್ಚು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಾಳಾಗುವುದು ಸುಮ್ಮನೆ ನಿಂತ ಈ ತಿಂಗಳುಗಳಲ್ಲೇ.

ತಿಂಗಳಿಗೆ ಒಮ್ಮೆಯಾದರೂ ಫೋರ್ ವೀಲ್ ಹಾಕಿ 15-16 ಕಿ.ಮೀ. ಓಡಿಸಿ. ಟೊಯೋಟಾ ತನ್ನ ಪಾರ್ಟ್-ಟೈಮ್ (ಬೇಕೆಂದಾಗ ಮಾತ್ರ ನಾಲ್ಕೂ ಚಕ್ರ ಎಳೆಯುವ) ಫೋರ್ ವೀಲ್ ಗಾಡಿಗಳ ಕೈಪಿಡಿಯಲ್ಲಿ ಹೇಳಿರುವುದೂ ತಿಂಗಳಿಗೆ ಕನಿಷ್ಠ 16 ಕಿ.ಮೀ. ಎಂದೇ. ನಿಮ್ಮ ಗಾಡಿಯ ಕೈಪಿಡಿ ಬೇರೆ ಹೇಳಿದರೆ ಅದನ್ನೇ ಪಾಲಿಸಿ. ಸದಾ ನಾಲ್ಕೂ ಚಕ್ರ ಎಳೆಯುವ ಗಾಡಿಗಳಿಗೆ ಈ ಮಾತು ಬೇಕಿಲ್ಲ.

ಕಾರಣ ಇಷ್ಟು. ಟೂ ವೀಲ್‌ನಲ್ಲಿ ಓಡುವಾಗ ಹಬ್ (ಚಕ್ರದ ನಡುಭಾಗ) ಅಥವಾ ಆಕ್ಸಲ್ ಬಿಡಿಸಿಕೊಳ್ಳುವ ಗಾಡಿಗಳಲ್ಲಿ ಮುಂದಿನ ಜಾಯಿಂಟ್ ಶಾಫ್ಟ್ (ಮುಂದಕ್ಕೆ ಎಳೆತ ಒಯ್ಯುವ ದಂಡ), ಮುಂದಿನ ಹೌಸಿಂಗ್‌ನ (ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆಯ) ದೊಡ್ಡ ಗೇರ್ ಆದ ಕ್ರೌನ್ ತಿರುಗುವುದೇ ಇಲ್ಲ. ಕ್ರೌನ್ ತಿರುಗಿದರೆ ತಾನೇ ಆಯಿಲ್ ಮೇಲಕ್ಕೆ ಚಿಮ್ಮುವುದು? ನಿಂತೇ ಇದ್ದರೆ ಮೇಲಿನ ಬೇರಿಂಗ್ ಮೇಲಿನ ಆಯಿಲ್ ಪೊರೆ ಇಳಿದುಹೋಗುತ್ತದೆ, ಸೀಲ್‌ನ ತುಟಿ ಒಣಗಿ ಬಿರುಸಾಗುತ್ತದೆ. ಹಾಗೆ ಒಣಗಿದ ಸೀಲ್ ಮೊದಲ ಮಳೆಯಲ್ಲೇ ಸೋರಲು ಶುರು. ಬಟನ್ ಒತ್ತಿ ಹಾಕುವ ಗಾಡಿಗಳಲ್ಲಿ ಶಿಫ್ಟ್ ಮೋಟರ್ ಹಿಡಿದುಕೊಳ್ಳುತ್ತದೆ. ವ್ಯಾಕ್ಯೂಮ್‌ನಿಂದ (ಗಾಳಿ ಹೀರುವ ಸೆಳೆತದಿಂದ) ಕೆಲಸ ಮಾಡುವಂಥದ್ದಾದರೆ ನಮ್ಮ ಬೇಸಿಗೆಯ ಬಿಸಿಲಿಗೆ ರಬ್ಬರ್ ಪೈಪ್ ಸೀಳುತ್ತದೆ, ಅದು ಗೊತ್ತಾಗುವುದು ಕೆಸರಲ್ಲಿ ಸಿಕ್ಕಿಕೊಂಡ ದಿನ.

ಹಾಕುವ ಜಾಗ ಬಹಳ ಮುಖ್ಯ. ಒಣ ಡಾಂಬರು, ಸಿಮೆಂಟ್ ರಸ್ತೆ ಬೇಡ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸುತ್ತುತ್ತವೆ. ಪಾರ್ಟ್-ಟೈಮ್ ಗಾಡಿಯಲ್ಲಿ ನಡುವೆ ಡಿಫರೆನ್ಷಿಯಲ್ (ಎರಡು ಕಡೆ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರ್) ಇಲ್ಲದ್ದರಿಂದ ಮುಂದಿನ, ಹಿಂದಿನ ಎರಡೂ ಶಾಫ್ಟ್ ಒಂದೇ ವೇಗದಲ್ಲಿ ಸುತ್ತಲೇಬೇಕು. ಮಣ್ಣಿನಲ್ಲಾದರೆ ಟೈರ್ ಸ್ವಲ್ಪ ಜಾರಿ ಆ ವ್ಯತ್ಯಾಸ ಕಳೆಯುತ್ತದೆ. ಡಾಂಬರಿನಲ್ಲಿ ಜಾರದೆ ಒಳಗೆ ಬಿಗಿತ ಕಟ್ಟುತ್ತದೆ: ಸ್ಟೇರಿಂಗ್ ಭಾರವಾಗುತ್ತದೆ, ಟೈರ್ ಕಿರುಗುಡುತ್ತದೆ, ಲಿವರ್ ವಾಪಸ್ ಬರುವುದಿಲ್ಲ. ಮಸಾರಿ ಹೊಲದ ದಾರಿ, ಗರಸು ಹಾಕಿದ ರಸ್ತೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ನಾಲ್ಕೂ ಟೈರ್ ಒಂದೇ ಅಳತೆಯವಿರಲಿ, ಗಾಳಿ ಕಂಪನಿ ಹೇಳಿದಷ್ಟಿರಲಿ. ಮುಂದೆ ಸವೆದ ಜೋಡಿ, ಹಿಂದೆ ಹೊಸ ಜೋಡಿ ಹಾಕಿದ್ದರೆ ನೇರ ದಾರಿಯಲ್ಲೂ ಬಿಗಿತ ಬರುತ್ತದೆ.

ಕೈಯಿಂದ ಲಾಕ್ ಮಾಡುವ ಹಬ್ ಇದ್ದರೆ ಗಾಡಿ ನಿಲ್ಲಿಸಿ, ಎರಡೂ ಕಡೆ ಪೂರ್ತಿ ತಿರುಗಿಸಿ. ಒಂದು ಲಾಕ್ ಆಗಿ ಇನ್ನೊಂದು ಬಿಟ್ಟಿದ್ದರೆ ಮುಂದಿನ ಎಳೆತವೇ ಇರುವುದಿಲ್ಲ. ಸ್ಟೇರಿಂಗ್ ನೇರ ಇಟ್ಟು ನಿಧಾನಕ್ಕೆ ಚಲಿಸುತ್ತ, ಆಕ್ಸಿಲರೇಟರ್ ಬಿಟ್ಟು ಹೈ ರೇಂಜ್ (4ಎಚ್) ಹಾಕಿ. ಡ್ಯಾಶ್‌ಬೋರ್ಡ್‌ನ ಫೋರ್ ವೀಲ್ ದೀಪ ಮಿನುಗುವುದು ನಿಂತು ಸ್ಥಿರವಾಗಿ ಉರಿದ ಮೇಲೆ ಹೊರಡಿ. ಇಷ್ಟು ವೇಗದೊಳಗೆ ಮಾತ್ರ ಹಾಕಬೇಕು ಎಂಬ ಮಿತಿ ಗಾಡಿಯಿಂದ ಗಾಡಿಗೆ ಬೇರೆ, ಕೈಪಿಡಿ ನೋಡಿ.

ಲೋ ರೇಂಜ್ (4ಎಲ್) ಮರೆಯಬೇಡಿ. ಅದರ ಗೇರ್, ಫೋರ್ಕ್ (ಗೇರ್ ಸರಿಸುವ ಕವಲು) ಬೇರೆ; ಹೈ ರೇಂಜ್‌ನಲ್ಲಿ ಎಷ್ಟು ಓಡಿಸಿದರೂ ಅವಕ್ಕೆ ಕೆಲಸ ಸಿಗುವುದಿಲ್ಲ. ಗಾಡಿ ಪೂರ್ತಿ ನಿಲ್ಲಿಸಿ, ಕ್ಲಚ್ ಒತ್ತಿ, ಗೇರ್ ನ್ಯೂಟ್ರಲ್ ಮಾಡಿ ಲೋ ಹಾಕಿ. ನಡಿಗೆ ವೇಗದಲ್ಲಿ ಇನ್ನೂರು-ಮುನ್ನೂರು ಮೀಟರ್ ಮುಂದೆ, ಸ್ವಲ್ಪ ಹಿಂದೆ ಓಡಿಸಿದರೆ ಸಾಕು.

ಟೂ ವೀಲ್‌ಗೆ ಮರಳುವಾಗ ದೀಪ ಆರದಿದ್ದರೆ ಲಿವರ್ ಜಗ್ಗಾಡಬೇಡಿ. ಸ್ಟೇರಿಂಗ್ ನೇರ ಇಟ್ಟು ನಾಲ್ಕೈದು ಮೀಟರ್ ರಿವರ್ಸ್ ಹೋಗಿ, ಬಿಗಿತ ಸಡಿಲಾಗಿ ತಾನೇ ಬಿಡುತ್ತದೆ.

ರೋಹಿಣಿ ಮಳೆಗೆ ಮೊದಲು ಒಂದು ದಿನ ಗಾಡಿ ಕೆಳಗೆ ಮಲಗಿ ನೋಡುವುದು ಒಳ್ಳೆಯದು. ಮುಂದಿನ ಜಾಯಿಂಟ್ ಶಾಫ್ಟ್‌ನ ಕ್ರಾಸ್‌ಗಳಿಗೆ (ಶಾಫ್ಟ್‌ನ ಕೀಲುಗಳಿಗೆ) ನಿಪ್ಪಲ್ (ಗ್ರೀಸ್ ತುಂಬುವ ಮೂತಿ) ಇದ್ದರೆ ನಾಲ್ಕೂ ಕಪ್ಪಿನಿಂದ ಹಳೆ ಗ್ರೀಸ್ ಹೊರಬರುವ ತನಕ ಗ್ರೀಸ್ ಗನ್ ಒತ್ತಿ. ಅದಿರಿನ ಕೆಂಪು ಧೂಳಿನಲ್ಲಿ ಓಡುವ ಗಾಡಿಯಾದರೆ ನಿಪ್ಪಲ್ ಒರೆಸಿಯೇ ಗನ್ ಇಡಬೇಕು, ಇಲ್ಲದಿದ್ದರೆ ಧೂಳನ್ನು ನೀವೇ ಒಳಗೆ ತಳ್ಳಿದಂತೆ. ಹೌಸಿಂಗ್‌ನ ಫಿಲ್ಲರ್ ಬೋಲ್ಟ್ ಬಿಚ್ಚಿ, ಆಯಿಲ್ ತೂತಿನ ಕೆಳಅಂಚಿಗೆ ಬರಬೇಕು. ಹಾಲು ಬೆರೆಸಿದ ಚಹಾದ ಬಣ್ಣವಿದ್ದರೆ ಹಳ್ಳ ದಾಟುವಾಗ ನೀರು ಒಳಹೋಗಿದೆ. ಆಯಿಲ್ ಬದಲಿಸಿ, ಬ್ರೀದರ್ ಪೈಪ್ (ಹೌಸಿಂಗ್‌ನ ಗಾಳಿ ಆಡುವ ಕೊಳವೆ) ಕಟ್ಟಿಕೊಂಡಿದೆಯೇ, ಕಳಚಿದೆಯೇ ನೋಡಿ. ಡ್ರೈನ್ ಬಿಚ್ಚುವ ಮೊದಲು ಫಿಲ್ಲರ್ ಬಿಚ್ಚಬೇಕು. ಆಯಿಲ್ ಸುರಿದಾದ ಮೇಲೆ ಫಿಲ್ಲರ್ ಬಿಚ್ಚಲು ಬರದಿದ್ದರೆ ಗಾಡಿ ಅಲ್ಲೇ ನಿಂತಂತೆ.

ದೀಪ ಉರಿದರೂ ಮುಂದೆ ಎಳೆಯುತ್ತಿಲ್ಲ ಎಂಬ ಅನುಮಾನವೇ? ಹೈ ರೇಂಜ್ ಹಾಕಿ ಸ್ವಲ್ಪ ಓಡಿಸಿ, ಸಮತಟ್ಟು ಜಾಗದಲ್ಲಿ ಫಸ್ಟ್ ಗೇರ್‌ನಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರ ಜಾಕ್‌ನಿಂದ ಎತ್ತಿ ಕೈಯಿಂದ ತಿರುಗಿಸಿ. ತುಸು ಆಡಿ ನಿಂತರೆ ಸರಿ. ಸಲೀಸಾಗಿ ಸುತ್ತಿದರೆ ಹಬ್, ಆಕ್ಸಲ್ ಆಕ್ಚುಯೇಟರ್ ಅಥವಾ ವ್ಯಾಕ್ಯೂಮ್ ಪೈಪ್‌ನಲ್ಲಿ ದೋಷ ಹುಡುಕಿ.