ಟ್ಯೂಬ್ ಜೋಡಿಸುತ್ತಾ ಸೈಂಟಿಸ್ಟ್ ಆದೆ

ಮೈಸೂರಿನಲ್ಲಿ ಬಿಎಸ್ಸಿ, ಇಂಗ್ಲೆಂಡಿನಲ್ಲಿ ಎಂಎಸ್ಸಿ. ಇಷ್ಟಾದ ಮೇಲೆ ಆಸ್ಪತ್ರೆ ಲ್ಯಾಬಿನಲ್ಲಿ ಕೆಲಸ ಸಿಗದೆ ಏನು ಅಂದುಕೊಂಡಿದ್ದೆ.

ಇಲ್ಲಿ ಎಚ್‌ಸಿಪಿಸಿ ಅನ್ನೋ ಆರೋಗ್ಯ ವೃತ್ತಿಗಳ ನಿಯಂತ್ರಣ ಸಂಸ್ಥೆಯ ರಿಜಿಸ್ಟರ್‌ನಲ್ಲಿ ಇಲ್ಲದವರು ತಮ್ಮನ್ನು 'ಬಯೋಮೆಡಿಕಲ್ ಸೈಂಟಿಸ್ಟ್' (ಲ್ಯಾಬಿನಲ್ಲಿ ರೋಗಿಗಳ ಸ್ಯಾಂಪಲ್ ಪರೀಕ್ಷಿಸುವವರು) ಅಂತ ಕರೆದುಕೊಳ್ಳುವ ಹಾಗೇ ಇಲ್ಲ. ಅದಕ್ಕೆ ನನ್ನಂಥವರು ಐಬಿಎಂಎಸ್‌ನ (ಈ ವೃತ್ತಿಯವರ ಸಂಸ್ಥೆ) ಪೋರ್ಟ್‌ಫೋಲಿಯೊ, ಅಂದರೆ ಲ್ಯಾಬ್ ಕೆಲಸ ಕಲಿತಿದ್ದಕ್ಕೆ ಪುರಾವೆಗಳ ಕಡತ, ಮುಗಿಸಬೇಕು. ಪೋರ್ಟ್‌ಫೋಲಿಯೊ ಮಾಡಲು ಲ್ಯಾಬಿನೊಳಗೆ ಇರಬೇಕು. ಕೆಲಸ ಕೇಳಿದರೆ, ರಿಜಿಸ್ಟರ್ ಆಗಿದ್ದೀರಾ ಅಂತಾರೆ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು!

ಕೊನೆಗೆ ಲ್ಯಾಬ್ ಅಸಿಸ್ಟೆಂಟ್ ಆಗಿ ಸೇರಿದೆ. ಬಂದ ಸ್ಯಾಂಪಲ್ಲಿನ ಹೆಸರು, ಹುಟ್ಟಿದ ದಿನ, ನಂಬರು ಫಾರಂ ಜೊತೆ ಹೊಂದುತ್ತಾ ನೋಡಿ, ಟ್ಯೂಬ್ ಜೋಡಿಸುವುದು. "ಎಂಎಸ್ಸಿ ಓದಿ ಇದೇನೇ ಕೆಲಸ?" ಅಂತ ಅಮ್ಮ. ಎಂಟು ತಿಂಗಳಾದ ಮೇಲೆ ಗೊತ್ತಾಯ್ತು, ಆ ಲ್ಯಾಬಿಗೆ ಟ್ರೈನಿಂಗ್ ಕೊಡುವ ಐಬಿಎಂಎಸ್ ಅನುಮತಿಯೇ ಇರಲಿಲ್ಲ. ಓದಿನ ನಂತರದ ವೀಸಾ ಇದ್ದದ್ದೇ 2 ವರ್ಷ. ಇಂಟರ್‌ವ್ಯೂನಲ್ಲೇ ಕೇಳಬೇಕಿತ್ತು. ನಾನು ಸಂಬಳ ಕೇಳಿ ಸುಮ್ನಾಗಿದ್ದೆ.

ಎರಡನೇ ಲ್ಯಾಬಿನಲ್ಲೂ ಅಸಿಸ್ಟೆಂಟೇ. ಒಂದು ಸಂಜೆ ಸೀನಿಯರ್ ಕರೆದು ಒಂದು ರಿಸಲ್ಟ್ ತೋರಿಸಿದರು. ಪೊಟ್ಯಾಸಿಯಂ ವಿಪರೀತ ಜಾಸ್ತಿ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. "ಏನನ್ನಿಸುತ್ತೆ?" ಕಿಡ್ನಿ ಕೆಟ್ಟಿರಬೇಕು ಅಂದೆ. ಅವರು ನಕ್ಕು ನೇರಳೆ ಮುಚ್ಚಳದ ಟ್ಯೂಬ್ ಎತ್ತಿ ಹಿಡಿದರು. ರಕ್ತ ಹೆಪ್ಪುಗಟ್ಟದಿರಲಿ ಅಂತ ಅದರಲ್ಲಿ ಪೊಟ್ಯಾಸಿಯಂ ಇಡಿಟಿಎ ಅನ್ನೋ ರಾಸಾಯನಿಕ ಹಾಕಿರುತ್ತಾರೆ. ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡುಬಿಡುತ್ತದೆ. ಯಾರೋ ಅದರಿಂದ ಇನ್ನೊಂದು ಟ್ಯೂಬಿಗೆ ರಕ್ತ ಬಗ್ಗಿಸಿದ್ದರು, ಅಷ್ಟೇ. ವಾರ್ಡಿಗೆ ಫೋನ್ ಮಾಡಿ ಹೊಸ ಸ್ಯಾಂಪಲ್ ತರಿಸಿದರೆ ಎರಡೂ ನಾರ್ಮಲ್. ಹಾಗೇ ಬಿಟ್ಟಿದ್ದರೆ ಪೊಟ್ಯಾಸಿಯಂ ಇಳಿಸೋಕೆ ಔಷಧಿ ಶುರುವಾಗುತ್ತಿತ್ತು, ಅಲ್ವಾ?

ಮುಂದೆ ಅಲ್ಲೇ ಟ್ರೈನಿ ಆದೆ. ಮೊದಲ ಸಲ ಪೋರ್ಟ್‌ಫೋಲಿಯೊಗೆ ಲ್ಯಾಬಿನ ಎಸ್‌ಒಪಿಗಳನ್ನೇ (ಕೆಲಸ ಹೇಗೆ ಮಾಡಬೇಕು ಅನ್ನೋ ಲಿಖಿತ ಸೂಚನೆಗಳು) ಜೆರಾಕ್ಸ್ ಮಾಡಿ ತುಂಬಿದೆ. ಟ್ರೈನಿಂಗ್ ಆಫೀಸರ್ ಪೂರ್ತಿ ವಾಪಸ್ ಕೊಟ್ಟರು. "ಇದರಲ್ಲಿ ನೀನೆಲ್ಲಿದ್ದೀಯ?" ಆಗ ಆ ಪೊಟ್ಯಾಸಿಯಂ ಕಥೆ ಬರೆದೆ, ನನ್ನ ಕಿಡ್ನಿ ಉತ್ತರವನ್ನೂ ಸೇರಿಸಿ.

ಕೊನೆಗೆ ಹೊರಗಿನಿಂದ ಪರೀಕ್ಷಕರು ಬಂದರು. ಅವರಿಗೆ ಲ್ಯಾಬ್ ಸುತ್ತಿಸಿ ತೋರಿಸುವವಳು ನಾನೇ. ಸ್ಯಾಂಪಲ್ ಬರುವ ಕೌಂಟರ್ ಹತ್ತಿರವೇ ಅರ್ಧ ಹೊತ್ತು ಕಳೆದೆವು. ಅಲ್ಲಿನ ಒಂದು ಪ್ರಶ್ನೆಗೂ ತಡವರಿಸಲಿಲ್ಲ.