ಗ್ಲಾಕೋಮಾ ಹಿಡಿಯುವ ಸಾಫ್ಟ್‌ವೇರ್: ಮಸುಕು ಫೋಟೊ ಕೊಟ್ಟು ನೋಡಿದೆ

ನಾನು ಆಪ್ಟೊಮೆಟ್ರಿಸ್ಟ್. ಫಂಡಸ್ ಫೋಟೊ (ಕಣ್ಣಿನ ಒಳಗಿನ ಹಿಂಭಾಗದ ಚಿತ್ರ) ನೋಡಿ ಗ್ಲಾಕೋಮಾ (ಕಣ್ಣಿನ ನರ ಹಾಳಾಗಿ ದೃಷ್ಟಿ ಹೋಗುವ ಕಾಯಿಲೆ) ಇರಬಹುದೇ ಎಂದು ಹೇಳುವ ಸಾಫ್ಟ್‌ವೇರ್ ಒಂದನ್ನು ನಮ್ಮ ಕಣ್ಣಿನ ಶಿಬಿರಗಳಿಗೆ ಆರಿಸಬೇಕಿತ್ತು. ಮಾರಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: ಶೇ 90ಕ್ಕಿಂತ ಜಾಸ್ತಿ ನಿಖರ.

ಆ 90 ಅನ್ನು ಶಿಬಿರದ ಲೆಕ್ಕಕ್ಕೆ ಇಳಿಸಿ ನೋಡಿದೆ. ತಮಿಳುನಾಡಿನ ಹಳ್ಳಿಗಳಲ್ಲಿ ನಡೆದ ಅರವಿಂದ್ ಸಮೀಕ್ಷೆಯಲ್ಲಿ, 40 ದಾಟಿದವರ ಪೈಕಿ ಶೇ 2.6 ಮಂದಿಗೆ ಗ್ಲಾಕೋಮಾ ಇತ್ತು. ಅಂದರೆ 1000 ಜನರಲ್ಲಿ 26. ಸಾಫ್ಟ್‌ವೇರ್ ಕಾಯಿಲೆ ಇರುವ 10 ಜನರಲ್ಲಿ 9 ಮಂದಿಯನ್ನು ಹಿಡಿಯುತ್ತದೆ, ಇಲ್ಲದ 10 ಜನರಲ್ಲಿ ಒಬ್ಬರ ಮೇಲೆ ಅನುಮಾನ ಪಡುತ್ತದೆ ಎಂದುಕೊಳ್ಳಿ. ಸಿಕ್ಕುವವರು 23. ಸುಮ್ನೆ ಆಸ್ಪತ್ರೆಗೆ ಅಲೆಯುವವರು 97! ಕೂಲಿ ಬಿಟ್ಟು ಬಸ್ ಹತ್ತುವವರು ಅವರೇ ಅಲ್ವಾ?

ದೃಷ್ಟಿ-ಜಿಎಸ್, ರೆಫ್ಯೂಜ್‌ನಂಥ ಫೋಟೊ ಸಂಗ್ರಹಗಳು ಎಲ್ಲರಿಗೂ ಸಿಗುತ್ತವೆ. ಸಾಫ್ಟ್‌ವೇರ್ ಅವುಗಳಲ್ಲೇ ಕಲಿತಿದ್ದರೆ ಅದೇ ಪ್ರಶ್ನೆಪತ್ರಿಕೆ ಮತ್ತೆ ಕೊಟ್ಟಂತೆ. ಹಾಗಾಗಿ ನಮ್ಮವೇ ಫೋಟೊ ತೆಗೆದುಕೊಂಡೆ, ಹೆಸರು ಅಳಿಸಿ. ಸುತ್ತಲಿನ ನೋಟ ಅಳೆಯುವ ಫೀಲ್ಡ್ ಟೆಸ್ಟ್‌ನಲ್ಲಿ ಗ್ಲಾಕೋಮಾ ಖಚಿತವಾದ ಕಣ್ಣುಗಳು, ಹುಟ್ಟಿನಿಂದಲೇ ಡಿಸ್ಕ್ (ಕಣ್ಣಿನ ನರ ಹೊರಡುವ ದುಂಡು ಜಾಗ) ದೊಡ್ಡದಿರುವ ಆರೋಗ್ಯವಂತ ಕಣ್ಣುಗಳು, ಮೈನಸ್ ಪವರ್ ಜಾಸ್ತಿ ಇದ್ದು ಡಿಸ್ಕ್ ಓರೆಯಾದವು, ಪೊರೆಯಿಂದ ಮಸುಕಾದವು. ಎಲ್ಲ ಸಾಫ್ಟ್‌ವೇರ್‌ಗೂ ಅವೇ ಫೋಟೊ.

ದೊಡ್ಡ ಡಿಸ್ಕ್‌ನಲ್ಲಿ ಕಪ್ (ಡಿಸ್ಕ್ ನಡುವಿನ ತಗ್ಗು, ಗ್ಲಾಕೋಮಾದಲ್ಲಿ ದೊಡ್ಡದಾಗುವಂಥದ್ದು) ಕೂಡ ದೊಡ್ಡದೇ ಇರುತ್ತದೆ, ಅದು ಕಾಯಿಲೆಯಲ್ಲ. ಬರೀ ಕಪ್-ಡಿಸ್ಕ್ ಅನುಪಾತ ನೋಡುವ ಸಾಫ್ಟ್‌ವೇರ್ ಇಲ್ಲೇ ಎಡವಿತು. ಕಪ್‌ನ ಅಂಚನ್ನು ಗೆರೆ ಎಳೆದು ತೋರಿಸುವವು ನನಗೆ ಇಷ್ಟವಾದವು, ಯಾಕೆಂದರೆ ತಪ್ಪು ಕಣ್ಣಿಗೆ ಕಾಣುತ್ತದೆ. ಡಿಸ್ಕ್ ನಡುವಿನ ಬಿಳುಪು ಮುಗಿದಲ್ಲಿ ಕಪ್ ಮುಗಿಯಿತು ಎಂದು ಒಂದು ಸಾಫ್ಟ್‌ವೇರ್ ಗೆರೆ ಎಳೆದಿತ್ತು. ನಾವು ನೋಡುವುದು ರಕ್ತನಾಳ ಬಾಗುವ ಜಾಗವನ್ನು. ಬರೀ ಅಂಕಿ ಕೊಟ್ಟಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ನನ್ನ ತೀರ್ಮಾನ ಆದದ್ದು ಮಸುಕು ಫೋಟೊಗಳಲ್ಲಿ. ಡಿಸ್ಕ್ ನನಗೇ ಸರಿಯಾಗಿ ಕಾಣದ ಫೋಟೊಗೆ ಒಂದು ಸಾಫ್ಟ್‌ವೇರ್ ಧೈರ್ಯವಾಗಿ 'ನಾರ್ಮಲ್' ಎಂದಿತು. ಇನ್ನೊಂದು 'ಮತ್ತೆ ತೆಗೆಯಿರಿ' ಎಂದಿತು. ಶಿಬಿರಕ್ಕೆ ಬರುವ ವಯಸ್ಸಾದವರಲ್ಲಿ ಪೊರೆ ಸಾಮಾನ್ಯ. ಎರಡನೆಯದನ್ನೇ ಆರಿಸಿದೆವು. ನೆಟ್ ಇಲ್ಲದೆ ಫೋನ್‌ನಲ್ಲೇ ಓಡುತ್ತದೆ, ಅದೂ ಬೇಕಿತ್ತು.

ಆಸ್ಪತ್ರೆಯ ಓಸಿಟಿ (ಕಣ್ಣಿನ ಒಳಪದರಗಳ ದಪ್ಪ ಅಳೆಯುವ ಸ್ಕ್ಯಾನ್) ಬೇರೆಯೇ ವಿಷಯ. ಒಂದು ಕಂಪನಿಯ ಯಂತ್ರದ ನರಪದರದ ದಪ್ಪವನ್ನು ಇನ್ನೊಂದರ ಜೊತೆ ಹೋಲಿಸಬೇಡಿ. ಮೈನಸ್ ಪವರ್ ಇರುವ ಕಣ್ಣಿನ ಓಸಿಟಿ ವರದಿಯಲ್ಲಿ ಕೆಂಪು ಬಣ್ಣ (ಪದರ ತೆಳುವಾಗಿದೆ ಎಂಬ ಸೂಚನೆ) ಬಂದರೆ ಅದೊಂದನ್ನೇ ನಂಬಬೇಡಿ.

ಫಂಡಸ್ ಫೋಟೊದಲ್ಲಿ ಕಣ್ಣಿನ ಒತ್ತಡ ಗೊತ್ತಾಗುವುದಿಲ್ಲ, ಕಣ್ಣಿನ ಕೋನ (ಒಳಗಿನ ದ್ರವ ಹೊರಹೋಗುವ ಜಾಗ) ಕಿರಿದಾಗಿದೆಯೇ ಎನ್ನುವುದೂ ಅಷ್ಟೇ. ಹಾಗಾಗಿ ಸಾಫ್ಟ್‌ವೇರ್ 'ನಾರ್ಮಲ್' ಎಂದರೂ, ಕಣ್ಣಿನ ಒತ್ತಡ 21 mmHg ದಾಟಿದವರನ್ನು, ಅಪ್ಪ-ಅಮ್ಮ, ಒಡಹುಟ್ಟಿದವರಿಗೆ ಗ್ಲಾಕೋಮಾ ಇರುವವರನ್ನು ಡಾಕ್ಟರ್ ಬಳಿ ಕಳಿಸುತ್ತೇವೆ.