ಬಾಲಮಂದಿರದ ಮಗುವನ್ನು ಶಾಲೆಗೆ ಸೇರಿಸುವಾಗ

ಮನೆಯವರ ಆಸರೆ ಇಲ್ಲದ ಮಕ್ಕಳನ್ನು ನೋಡಿಕೊಳ್ಳುವ ಬಾಲಮಂದಿರದಲ್ಲಿ ನೀವು ಕೆಲಸ ಮಾಡುತ್ತಿದ್ದರೆ, ದಾಖಲಾತಿಗೆ ಮೊದಲ ಸಲ ಶಾಲೆಗೆ ಹೋಗುವಾಗ ಮಗುವನ್ನು ಕರೆದುಕೊಂಡು ಹೋಗಬೇಡಿ. ನೀವೊಬ್ಬರೇ ಹೋಗಿ.

ಇದನ್ನು ನಾನು ಕಲಿತದ್ದು ತಡವಾಗಿ. ಒಂದು ಜೂನ್‌ನಲ್ಲಿ 9 ವರ್ಷದ ಹುಡುಗಿಯನ್ನು ಜೊತೆಗೇ ಕರೆದುಕೊಂಡು ಹೋಗಿದ್ದೆ. ಆಫೀಸಿನಲ್ಲಿ ಬೇರೆ ಪೋಷಕರೂ ಇದ್ದರು. "ಅಪ್ಪನ ಹೆಸರು? ಅಮ್ಮ? ಯಾರೂ ಇಲ್ವಾ?" ಅಂತ ಆಫೀಸಿನವರು ಎಲ್ಲರೆದುರೇ ಜೋರಾಗಿ ಕೇಳಿದರು. ಅವಳು ಬಗ್ಗಿ ಹೊಸ ಚಪ್ಪಲಿಯ ಪಟ್ಟಿ ಬಿಚ್ಚಿದಳು, ಹಾಕಿದಳು, ಮತ್ತೆ ಬಿಚ್ಚಿದಳು. ತಲೆ ಎತ್ತಲೇ ಇಲ್ಲ. ಅದು ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ.

ಹಾಗಾಗಿ ಮಗುವನ್ನು ಕರೆದುಕೊಂಡು ಹೋಗುವ ಹಿಂದಿನ ದಿನವೇ ಹೆಡ್‌ಮಾಸ್ಟರ್ ಹತ್ತಿರ ಕೂತು ಅರ್ಜಿ ತುಂಬಿ ಮುಗಿಸಿ. ಮಕ್ಕಳ ಕಲ್ಯಾಣ ಸಮಿತಿ ಮಗುವನ್ನು ನಿಮ್ಮ ಸಂಸ್ಥೆಗೆ ಒಪ್ಪಿಸಿದ ಆದೇಶ, ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ, ಫೋಟೋ ಇಷ್ಟು ಇಟ್ಟುಕೊಳ್ಳಿ. ಮಗುವಿನ ಪೂರ್ತಿ ಕಡತ ಮಾತ್ರ ಕೊಡಬೇಡಿ. ಮನೆಯಲ್ಲಿ ಏನಾಯಿತು ಅನ್ನೋದು ಸ್ಟಾಫ್ ರೂಮಿಗೆ ಬೇಕಾದ ವಿಷಯ ಅಲ್ಲ.

"ಟಿಸಿ ತನ್ನಿ, ಆಮೇಲೆ ನೋಡೋಣ" ಅಂತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಟಿಸಿ ತಡವಾಯಿತು ಅಂತ ದಾಖಲಾತಿ ತಡ ಮಾಡುವ ಹಾಗಿಲ್ಲ. ಜನನ ಪ್ರಮಾಣಪತ್ರ ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ, ಅದು 14ನೇ ಸೆಕ್ಷನ್. ಶಾಲೆ ಶುರುವಾಗಿ ತಿಂಗಳುಗಳೇ ಕಳೆದಿದ್ದರೂ ಸೇರಿಸಿಕೊಳ್ಳಬೇಕು, 15ನೇ ಸೆಕ್ಷನ್. ಈ ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡಿರಿ. ಜಗಳ ಬೇಡ, ಸುಮ್ನೆ ತೋರಿಸಿ. ಆಗಲೂ ಒಪ್ಪದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಲಿಖಿತವಾಗಿ ಕೊಡಿ, ಸಮಿತಿಗೂ ಒಂದು ಪ್ರತಿ ಹೋಗಲಿ. ಹಳೇ ಶಾಲೆಯಿಂದ ಮಗುವಿನ ಸ್ಯಾಟ್ಸ್ ನಂಬರ್ (ಸರ್ಕಾರದ ಆನ್‌ಲೈನ್ ದಾಖಲೆಯಲ್ಲಿ ವಿದ್ಯಾರ್ಥಿಗೆ ಕೊಡುವ ಸಂಖ್ಯೆ) ಸಿಕ್ಕಿದರೆ ಕೆಲಸ ಅರ್ಧ ಹಗುರ.

ಆಧಾರ್ ಇಲ್ಲವಾ? ದಾಖಲಾತಿಗೆ ಅದು ಕಡ್ಡಾಯ ಅಲ್ಲ ಅಂತ 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಜಾಸ್ತಿ ಎಚ್ಚರ ಬೇಕಾದದ್ದು ಅಪ್ಪನ ಹೆಸರಿನ ಕಾಲಂನಲ್ಲಿ. ಹೆಸರು ಗೊತ್ತಿದ್ದರೆ ಅದನ್ನೇ ಬರೆಯಿರಿ, ಅವನು ಜೈಲಿನಲ್ಲಿರಲಿ, ತೀರಿಕೊಂಡಿರಲಿ. ಗೊತ್ತಿಲ್ಲದಿದ್ದರೆ ಖಾಲಿ ಬಿಡಿ, ಪೋಷಕರ ಕಾಲಂನಲ್ಲಿ ಸಂಸ್ಥೆಯ ಅಧೀಕ್ಷಕರು ಅಂತ ಬರೆಯಿರಿ. ಕಾಲಂ ತುಂಬಬೇಕಲ್ಲ ಅಂತ ಯಾವುದೋ ಹೆಸರು ಹಾಕಿಬಿಟ್ಟರೆ ಅದು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿವರೆಗೂ ಮಗುವಿನ ಬೆನ್ನು ಹತ್ತುತ್ತದೆ. ಹುಟ್ಟಿದ ದಿನಾಂಕವೂ ಅಷ್ಟೇ. ಸಮಿತಿಯ ದಾಖಲೆಯಲ್ಲಿ ಇರುವ ವಯಸ್ಸಿಗೂ ಶಾಲೆಯಲ್ಲಿ ಬರೆಸುವ ವಯಸ್ಸಿಗೂ ವ್ಯತ್ಯಾಸ ಬರಬಾರದು.

ಓದೇ ಬಾರದ 10 ವರ್ಷದ ಮಗುವನ್ನು ಒಂದನೇ ಕ್ಲಾಸಿನಲ್ಲಿ ಕೂರಿಸಲು ಒಪ್ಪಬೇಡಿ. ಚಿಕ್ಕ ಮಕ್ಕಳ ನಡುವೆ ಕೂತ ಮಗು ನಾಚಿಕೆಗೆ ಶಾಲೆಯನ್ನೇ ಬಿಡುತ್ತದೆ, ಅಲ್ವಾ? ಕಾಯ್ದೆಯ 4ನೇ ಸೆಕ್ಷನ್ ವಯಸ್ಸಿಗೆ ತಕ್ಕ ತರಗತಿಯನ್ನೂ, ಹಿಂದೆ ಬಿದ್ದದ್ದನ್ನು ಕಲಿಸುವ ವಿಶೇಷ ತರಬೇತಿಯನ್ನೂ ಕೊಡುತ್ತದೆ. ಎರಡನ್ನೂ ಕೇಳಿ ಪಡೆಯಿರಿ.

ಕ್ಲಾಸ್ ಟೀಚರ್‌ಗೆ ಒಂದು ಮಾತು ಹೇಳಿಡಿ: ಹಾಜರಿ ಕರೆಯುವಾಗ "ಬಾಲಮಂದಿರದವರು ಎದ್ದು ನಿಲ್ಲಿ" ಅನ್ನಬೇಡಿ ಅಂತ. ಮಗುವನ್ನು ಹೆಸರು ಹಿಡಿದೇ ಕರೆಯಲಿ.

ಮೊದಲ ದಿನ ಸಂಜೆ ಕೊನೆಯ ಬೆಲ್ ಹೊಡೆಯುವ ಮುಂಚೆಯೇ ಗೇಟಿನ ಹತ್ತಿರ ನಿಂತಿರಿ. ಮಗು ಹೊರಗೆ ಬಂದಾಗ ಮೊದಲು ಹುಡುಕುವುದು ನಿಮ್ಮನ್ನೇ.